ಹುಲ್ಲಟ್ಟಿಯ ಒಲೆ: ಹಳಿಯಾಳ ಸಕ್ಕರೆ ಕಾರ್ಖಾನೆಯ ವಿದ್ಯುತ್ ಸ್ಥಾವರ

ಸೂಪಾ ಸೀಮೆಯಲ್ಲಿ ಕರೆಂಟಿನ ಮಾತು ಬಂತೆಂದರೆ ಮೊದಲು ಬಾಯಿಗೆ ಬರುವುದು ಕಾಳಿ ನದಿ. ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಅಣೆಕಟ್ಟು, ಅದರ ಬುಡದಲ್ಲಿ 50 ಮೆಗಾವ್ಯಾಟಿನ ಎರಡು ಯಂತ್ರ. ಕೆಳಗೆ ಬೊಮ್ಮನಹಳ್ಳಿಯ ಜಲಾಶಯ; ಅಲ್ಲಿಂದ ಇಳಿಯುವ ನೀರಿಗೆ ನಾಗಝರಿಯಲ್ಲಿ ಆರು ಯಂತ್ರ, ಮೂಲದಲ್ಲಿ ಒಂದೊಂದೂ 135 ಮೆಗಾವ್ಯಾಟಿನದು. ಇನ್ನೂ ಕೆಳಗೆ ಕೊಡಸಳ್ಳಿಯ 120, ಕದ್ರಾದ 150 ಮೆಗಾವ್ಯಾಟ್. ಕದ್ರಾ ಹಿನ್ನೀರಿನ ದಂಡೆಯಲ್ಲಿ ಕೈಗಾದ ನಾಲ್ಕು ಅಣು ಘಟಕ, ತಲಾ 220 ಮೆಗಾವ್ಯಾಟ್. ಒಂದೇ ನದಿ, ಒಂದೇ ಜಿಲ್ಲೆ. ಇದಕ್ಕಾಗಿ ಹಳೆಯ ಸೂಪಾ ಪೇಟೆ ನೀರಿನಡಿ ಹೋಯಿತು, ತಾಲ್ಲೂಕು ಕಚೇರಿ ಜೋಯಿಡಾಕ್ಕೆ ಬಂತು, ಮುಳುಗಡೆಯ ಕುಟುಂಬಗಳು ಮನೆ, ಹೊಲ, ದೇವಸ್ಥಾನ ಎಲ್ಲವನ್ನೂ ಬಿಟ್ಟು ರಾಮನಗರದಂಥ ಕಡೆ ಹೊಸದಾಗಿ ನೆಲೆ ಕಟ್ಟಿಕೊಂಡವು. ಕಾಳಿಯ ಚರಿತ್ರೆಯನ್ನು ಹಲವರು ಬರೆದಿದ್ದಾರೆ. ಬರೆಯಬೇಕಾದದ್ದು ಇನ್ನೂ ಉಳಿದಿದೆ.

ಈ ಸ್ಮರಣ ಸಂಚಿಕೆಗೆ ನಾನು ಆರಿಸಿಕೊಂಡಿರುವುದು ಈ ಸಾಲಿನಲ್ಲಿ ಯಾರೂ ಎಣಿಸದ ಇನ್ನೊಂದು ಸ್ಥಾವರವನ್ನು. ಹಳಿಯಾಳ ತಾಲ್ಲೂಕಿನ ಹುಲ್ಲಟ್ಟಿಯಲ್ಲಿ ಇಐಡಿ ಪ್ಯಾರಿ ಸಕ್ಕರೆ ಕಾರ್ಖಾನೆಯ ಆವರಣದೊಳಗೆ ಅದು ಇದೆ. ಅದರ ಸಾಮರ್ಥ್ಯ 24 ಮೆಗಾವ್ಯಾಟ್. ನಾಗಝರಿಯ ಒಂದೇ ಒಂದು ಯಂತ್ರದ ಐದನೆಯ ಒಂದು ಪಾಲಿಗೂ ಕಡಿಮೆ. ಇದಕ್ಕೆ ಅಣೆಕಟ್ಟು ಇಲ್ಲ, ಸುರಂಗ ಇಲ್ಲ, ನೋಡಲು ಬರುವ ಪ್ರವಾಸಿಗರೂ ಇಲ್ಲ. ಕಾರ್ಖಾನೆಯ ಚಿಮಣಿ ಕಂಡವರು ಸಕ್ಕರೆಯನ್ನು ನೆನೆಯುತ್ತಾರೆಯೇ ಹೊರತು ವಿದ್ಯುತ್ತನ್ನಲ್ಲ. ಆದರೆ ನಾನು ಬಲ್ಲಂತೆ ನಮ್ಮ ಸೀಮೆಯ ದೊಡ್ಡ ವಿದ್ಯುತ್ ಸ್ಥಾವರಗಳಲ್ಲಿ ಉರುವಲನ್ನು ರೈತರೇ ಹೊಲದಲ್ಲಿ ಬೆಳೆದು ಕೊಡುವುದು ಇದಕ್ಕೊಂದಕ್ಕೇ. ಕಾಳಿಯ ನೀರು ಮಳೆಯ ಕೊಡುಗೆ, ಕೈಗಾದ ಇಂಧನ ಬೇರೆಲ್ಲಿಂದಲೋ ಬರುತ್ತದೆ. ಹುಲ್ಲಟ್ಟಿಯ ಬಾಯ್ಲರಿಗೆ ಬೀಳುವ ಕಬ್ಬಿನ ಸಿಪ್ಪೆ ತೇರಗಾಂವ, ಮುರ್ಕವಾಡ, ಯಡೋಗಾ, ಸಾಂಬ್ರಾಣಿಯಂಥ ಊರುಗಳ ಕಡೆಯ ಹೊಲಗಳದ್ದು. ಆದ್ದರಿಂದ ಈ ಸ್ಥಾವರದ ಇತಿಹಾಸವನ್ನು ಬರೀ ಯಂತ್ರಗಳ ಇತಿಹಾಸವಾಗಿ ಬರೆದರೆ ಅರ್ಧ ಬರೆದಂತೆ. ಕಬ್ಬು ಬೆಳೆದವರು, ಕಡಿದವರು, ಸಾಗಿಸಿದವರು ಅದರ ಮೊದಲ ಪುಟದಲ್ಲೇ ಇರಬೇಕು.

ಹಳಿಯಾಳ ಘಟ್ಟದ ಒಳಮಗ್ಗುಲಿನ ತಾಲ್ಲೂಕು. ಪಶ್ಚಿಮಕ್ಕೆ ದಾಂಡೇಲಿ, ಜೋಯಿಡಾದ ದಟ್ಟ ಕಾಡು. ಪೂರ್ವಕ್ಕೆ ಧಾರವಾಡ, ಕಲಘಟಗಿಯ ಬಯಲು. ಮಳೆ ಕರಾವಳಿಯಷ್ಟಿಲ್ಲ, ಬಯಲಿನಷ್ಟು ಕಡಿಮೆಯೂ ಅಲ್ಲ. ಭತ್ತ ಇಲ್ಲಿಯ ಹಳೆಯ ಬೆಳೆ. ಹತ್ತಿ, ಗೋವಿನಜೋಳ ಜೊತೆಗೆ ಬಂದವು. ಮನೆಯಲ್ಲಿ ಮರಾಠಿ, ಸಂತೆಯಲ್ಲಿ ಕನ್ನಡ, ನೆಂಟರ ಜೊತೆ ಕೊಂಕಣಿ ಆಡುವ ಜನ. ಮರಾಠರು, ಲಿಂಗಾಯತರು, ಸಿದ್ದಿಗಳು, ಗೌಳಿಗಳು ಅಕ್ಕಪಕ್ಕದ ಊರುಗಳಲ್ಲಿ ಬದುಕುವ ನಾಡು. ಕೆರೆ, ಕೊಳವೆಬಾವಿ ಇದ್ದವರು ಕಬ್ಬು ಹಾಕಿದರು. ಆದರೆ ಕಬ್ಬು ಕಾಯುವ ಬೆಳೆಯಲ್ಲ. ಕಡಿದ ಕಬ್ಬು ಬಿಸಿಲಿನಲ್ಲಿ ನಿಂತಷ್ಟೂ ತೂಕ ಇಳಿಯುತ್ತದೆ, ಒಳಗಿನ ಸಕ್ಕರೆಯೂ ಒಡೆಯುತ್ತದೆ. ಹತ್ತಿರದಲ್ಲಿ ಕಾರ್ಖಾನೆ ಇಲ್ಲದ ಊರಿನಲ್ಲಿ ಕಬ್ಬು ಬೆಳೆಯುವುದೆಂದರೆ ಬೆಲೆಯ ಒಂದಂಶವನ್ನು ದಾರಿಯಲ್ಲೇ ಬಿಟ್ಟುಬರುವುದು.

ಕಾರ್ಖಾನೆ ತನ್ನ ಉಗಿಯನ್ನೂ ವಿದ್ಯುತ್ತನ್ನೂ ತಾನೇ ಮಾಡಿಕೊಳ್ಳುವ ಪಾಠ ಈ ಸೀಮೆಗೆ ಹೊಸದಾಗಿರಲಿಲ್ಲ. ದಾಂಡೇಲಿಯಲ್ಲಿ 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಅದನ್ನು ಬಹಳ ಮೊದಲೇ ಕಲಿಸಿತ್ತು. ಕಾಗದದ ತಿರುಳು ಬೇಯಿಸಿದಾಗ ಉಳಿಯುವ ಕಪ್ಪು ದ್ರವವನ್ನು ಗಟ್ಟಿಮಾಡಿ ಉರಿಸಿ ಉಗಿ ಪಡೆಯುವುದು, ಆ ಉಗಿಯಿಂದ ಮೊದಲು ಟರ್ಬೈನ್ ತಿರುಗಿಸಿ ಆಮೇಲೆ ಕಾಗದ ಒಣಗಿಸುವುದು ಆ ಉದ್ಯಮದ ಮೂಲಪಾಠ. ದಾಂಡೇಲಿಯ ಎಷ್ಟೋ ಮನೆಗಳಲ್ಲಿ ಫಿಟ್ಟರ್, ಬಾಯ್ಲರ್ ಅಟೆಂಡೆಂಟ್, ಎಲೆಕ್ಟ್ರಿಷಿಯನ್ ಎಂಬ ಕಸುಬುಗಳು ಎರಡು ಮೂರು ತಲೆಮಾರಿನಿಂದ ಇವೆ. ಅಲ್ಲಿ ಕಚ್ಚಾಮಾಲು ಕಾಡಿನದಾಗಿತ್ತು, ಮುಖ್ಯವಾಗಿ ಬಿದಿರು. ಹುಲ್ಲಟ್ಟಿಯಲ್ಲಿ ಅದೇ ವಿದ್ಯೆ ಕಾಡಿನಿಂದ ಹೊಲಕ್ಕೆ ಇಳಿಯಿತು. ನಮ್ಮ ಭಾಗದ ಕೈಗಾರಿಕೆಯ ಚರಿತ್ರೆಯಲ್ಲಿ ಇದನ್ನು ನಾನು ದೊಡ್ಡ ತಿರುವೆಂದೇ ಎಣಿಸುತ್ತೇನೆ.

ಕಾರ್ಖಾನೆಯ ಒಡೆತನದ ಕಥೆ ಚಿಕ್ಕದು. ಅದನ್ನು ಕಟ್ಟಿದ್ದು ಜಿಎಂಆರ್ ಇಂಡಸ್ಟ್ರೀಸ್, 2000ರ ದಶಕದ ಕೊನೆಯ ಭಾಗದಲ್ಲಿ. ಸಕ್ಕರೆ ಮತ್ತು ವಿದ್ಯುತ್ ಎರಡನ್ನೂ ಒಟ್ಟಿಗೇ ಯೋಚಿಸಿ ಕಟ್ಟಿದ ಕಾರ್ಖಾನೆ ಇದು. 2010ರಲ್ಲಿ ಆ ಕಂಪನಿಯ ಹೆಚ್ಚಿನ ಪಾಲು ಇಐಡಿ ಪ್ಯಾರಿಯ ಕೈಗೆ ಬಂತು. ಹೆಸರು ಪ್ಯಾರೀಸ್ ಶುಗರ್ ಇಂಡಸ್ಟ್ರೀಸ್ ಎಂದಾಯಿತು. 2017ರಲ್ಲಿ ಅದೂ ಮೂಲ ಕಂಪನಿಯೊಳಗೆ ವಿಲೀನವಾಯಿತು. ಮದರಾಸಿನಲ್ಲಿ ಥಾಮಸ್ ಪ್ಯಾರಿ 1788ರಲ್ಲಿ ಶುರುಮಾಡಿದ ವ್ಯಾಪಾರದ ಮುಂದುವರಿಕೆ ಈ ಸಂಸ್ಥೆ. ಎರಡು ಶತಮಾನಕ್ಕೂ ಹಳೆಯ ಹೆಸರೊಂದು ಹಳಿಯಾಳದ ಕಬ್ಬಿನ ಚೀಟಿಯ ಮೇಲೆ ಅಚ್ಚಾದದ್ದು ಹೀಗೆ. ಮಾಲೀಕರು ಬದಲಾದರು, ಕಬ್ಬು ಅದೇ ಹೊಲಗಳಿಂದ ಬಂತು, ಸಿಪ್ಪೆ ಅದೇ ಬಾಯ್ಲರಿಗೆ ಹೋಯಿತು.

ಸಿಪ್ಪೆ ಉರಿಸುವುದನ್ನು ನಮಗೆ ಯಾವ ಕಂಪನಿಯೂ ಹೇಳಿಕೊಡಬೇಕಾಗಿರಲಿಲ್ಲ. ಆಲೆಮನೆ ಕಂಡವರಿಗೆಲ್ಲ ಅದು ಗೊತ್ತು. ಗಾಣದಿಂದ ಬಿದ್ದ ಸಿಪ್ಪೆಯನ್ನು ಅಂಗಳದಲ್ಲಿ ಹರಡಿ, ಕೋಲಿನಿಂದ ತಿರುವಿ ಒಣಗಿಸಿ, ಕೊಪ್ಪರಿಗೆಯ ಕೆಳಗಿನ ಒಲೆಗೆ ಹಾಕುತ್ತಾರೆ. ರಸ ಕೊಟ್ಟ ಕಬ್ಬೇ ಆ ರಸವನ್ನು ಬೆಲ್ಲ ಮಾಡುವ ಬೆಂಕಿಯನ್ನೂ ಕೊಡುತ್ತದೆ. ಒಲೆಯ ಬಾಯಲ್ಲಿ ಕೂತವನಿಗೆ ಉರಿಯ ಹದ ಗೊತ್ತಿರಬೇಕು. ಉರಿ ಏರಿದರೆ ಪಾಕ ಸೀಯುತ್ತದೆ, ಇಳಿದರೆ ಬೆಲ್ಲ ಕಟ್ಟುವುದಿಲ್ಲ. ಸಕ್ಕರೆ ಕಾರ್ಖಾನೆ ಮಾಡಿದ್ದು ಇದನ್ನೇ, ಮುಚ್ಚಿದ ಕಬ್ಬಿಣದ ಒಲೆಯೊಳಗೆ, ಬೆಂಕಿಗೂ ರಸಕ್ಕೂ ನಡುವೆ ಉಗಿಯನ್ನು ತಂದು.

ಹಳೆಯ ಕಾಲದ ಕಾರ್ಖಾನೆಗಳು ಸಿಪ್ಪೆಯನ್ನು ತಮ್ಮ ಕೆಲಸಕ್ಕೆ ಬೇಕಾದಷ್ಟೇ ಉಗಿ ಬರುವಂತೆ ಉರಿಸುತ್ತಿದ್ದವು. ಬಾಯ್ಲರಿನ ಒತ್ತಡ ಚದರ ಸೆಂಟಿಮೀಟರಿಗೆ 21 ಕಿಲೋದ ಆಸುಪಾಸು. ಸಿಪ್ಪೆ ಹೆಚ್ಚು ಉಳಿದರೆ ಅದೇ ತಲೆನೋವು: ರಾಶಿ ಹಾಕಲು ಜಾಗ ಬೇಕು, ಬೇಸಿಗೆಯಲ್ಲಿ ಬೆಂಕಿಯ ಭಯ. ಹಾಗಾಗಿ ಸಿಪ್ಪೆಯನ್ನು ಮಿತವಾಗಿ ಬಳಸುವುದಕ್ಕಿಂತ ಸುಟ್ಟು ಮುಗಿಸುವುದೇ ಜಾಣತನವಾಗಿತ್ತು. 1990ರ ದಶಕದಲ್ಲಿ ಈ ಲೆಕ್ಕ ಬದಲಾಯಿತು. ಕೇಂದ್ರ ಸರ್ಕಾರ ಸಿಪ್ಪೆಯಿಂದ ವಿದ್ಯುತ್ ಮಾಡಿ ಗ್ರಿಡ್ಡಿಗೆ ಕೊಡುವುದಕ್ಕೆ ರಾಷ್ಟ್ರೀಯ ಕಾರ್ಯಕ್ರಮ ಹಾಕಿತು. 67, 87, 110 ಕಿಲೋ ಒತ್ತಡದ ಬಾಯ್ಲರುಗಳು ಬಂದವು. ಒತ್ತಡ ಏರಿದಷ್ಟೂ ಅದೇ ಸಿಪ್ಪೆಯಿಂದ ಹೆಚ್ಚು ಯೂನಿಟ್ ಹುಟ್ಟುತ್ತದೆ. ಬೆಳಗಾವಿ ಜಿಲ್ಲೆಯ ಉಗಾರ ಖುರ್ದದಲ್ಲಿ 1939ರಲ್ಲಿ ಶುರುವಾದ ಉಗಾರ ಸಕ್ಕರೆ ಕಾರ್ಖಾನೆಯೂ ಈ ದಾರಿಗೆ ಬಂದು 44 ಮೆಗಾವ್ಯಾಟಿನ ಸ್ಥಾವರ ಕಟ್ಟಿಕೊಂಡಿತು. ಇಂದು ಕರ್ನಾಟಕದ ಸಕ್ಕರೆ ಕಾರ್ಖಾನೆಗಳ ಸಹವಿದ್ಯುತ್ ಸಾಮರ್ಥ್ಯ ಒಟ್ಟು ಸುಮಾರು 1,700 ಮೆಗಾವ್ಯಾಟ್. ಹುಲ್ಲಟ್ಟಿ ಆ ಸಾಲಿನ ಒಂದು ಕೊಂಡಿ.

ಒಂದು ಟನ್ ಕಬ್ಬು ಕಾಟಾದ ಮೇಲೆ ಬಂದ ಹೊತ್ತಿನಿಂದ ಅದರ ಸಿಪ್ಪೆ ಕರೆಂಟಾಗುವ ತನಕದ ದಾರಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕಬ್ಬು ಮೊದಲು ಕತ್ತಿಗಳ ಕೆಳಗೆ ಚೂರಾಗಿ, ನಾರಾಗಿ, ಸಾಲಾಗಿ ನಿಂತ ರೋಲರುಗಳ ನಡುವೆ ಹಿಂಡಿಸಿಕೊಳ್ಳುತ್ತದೆ. ಕೊನೆಯ ರೋಲರಿನ ಹತ್ತಿರ ಬಿಸಿನೀರು ಚಿಮುಕಿಸಿ ನಾರಿನಲ್ಲಿ ಉಳಿದ ಸಕ್ಕರೆಯನ್ನೂ ತೊಳೆದು ತೆಗೆಯುತ್ತಾರೆ. ಕಡೆಗೆ ಉಳಿಯುವ ಸಿಪ್ಪೆ 280ರಿಂದ 300 ಕಿಲೋ. ಅದರಲ್ಲಿ ಅರ್ಧ ನೀರೇ. ಮುಟ್ಟಿದರೆ ಬೆಚ್ಚಗೆ, ಒದ್ದೆಯಾಗಿ, ಹುಳಿಸಿಹಿ ವಾಸನೆಯಿಂದ ಇರುತ್ತದೆ. ಇಷ್ಟು ಒದ್ದೆಯಾದದ್ದು ಉರಿಯುವುದಾದರೂ ಹೇಗೆ ಎಂದು ಹೊಸಬರು ಕೇಳುತ್ತಾರೆ. ಬಾಯ್ಲರಿನ ಕುಲುಮೆಯೊಳಗೆ ಗಾಳಿಯ ಜೊತೆ ಎರಚಿದಾಗ ಹಗುರಾದ ನಾರು ತೇಲುತ್ತಲೇ ಹೊತ್ತಿಕೊಳ್ಳುತ್ತದೆ. ಭಾರವಾದದ್ದು ಕೆಳಗಿನ ಜಾಲರಿಯ ಮೇಲೆ ಬಿದ್ದು ಉರಿಯುತ್ತದೆ. ಒಂದು ಟನ್ ಸಿಪ್ಪೆಗೆ ಎರಡು ಟನ್ನಿಗೂ ಮೇಲೆ ಉಗಿ.

ಆ ಉಗಿ ನೇರವಾಗಿ ಸಕ್ಕರೆ ಮನೆಗೆ ಹೋಗುವುದಿಲ್ಲ. ಮೊದಲು ಟರ್ಬೈನಿನ ಎಲೆಗಳನ್ನು ತಿರುಗಿಸುತ್ತದೆ, ವಿದ್ಯುತ್ ಹುಟ್ಟಿಸುತ್ತದೆ. ಕಸುವು ಇಳಿದ ಮೇಲೆ, ಬಿಸಿ ಇನ್ನೂ ಇರುವಾಗಲೇ, ಪೈಪುಗಳಲ್ಲಿ ರಸ ಕಾಯಿಸುವ ಪಾತ್ರೆಗಳಿಗೆ, ಪಾಕದ ಪಾನುಗಳಿಗೆ ಹೋಗುತ್ತದೆ. ಮಾಮೂಲಿ ಕಲ್ಲಿದ್ದಲು ಸ್ಥಾವರದಲ್ಲಿ ಉರುವಲಿನ ಶಾಖದ ಹೆಚ್ಚಿನ ಪಾಲು ಕೂಲಿಂಗ್ ಟವರಿನಿಂದ ಆವಿಯಾಗಿ ಆಕಾಶ ಸೇರುತ್ತದೆ. ಇಲ್ಲಿ ಆ ಶಾಖ ಸಕ್ಕರೆ ಮಾಡುತ್ತದೆ. ಸಹವಿದ್ಯುತ್ ಎಂಬುದರ ಜೀವ ಇರುವುದು ಇಲ್ಲಿಯೇ. ಒಂದು ಟನ್ ಕಬ್ಬು ಅರೆಯಲು ಕಾರ್ಖಾನೆಗೆ ಬೇಕಾಗುವುದು ಸುಮಾರು 25ರಿಂದ 35 ಯೂನಿಟ್; ಹೆಚ್ಚಿನ ಒತ್ತಡದ ಬಾಯ್ಲರ್ ಇದ್ದರೆ ಅದೇ ಟನ್ನಿನ ಸಿಪ್ಪೆ 100 ಯೂನಿಟ್ಟಿಗೂ ಹೆಚ್ಚು ಕೊಡಬಲ್ಲದು. ಉಳಿದದ್ದು ತಂತಿ ಹಿಡಿದು ಹೊರಗೆ ಹೋಗುತ್ತದೆ. 24 ಮೆಗಾವ್ಯಾಟಿನ ಸ್ಥಾವರ ಪೂರ್ಣ ಸಾಮರ್ಥ್ಯದಲ್ಲಿ ಒಂದು ದಿನ ನಡೆದರೆ 5,76,000 ಯೂನಿಟ್.

ಈ ಸರಣಿಯಲ್ಲಿ ಒಂದು ಕೆಲಸದ ಬಗ್ಗೆ ಹೇಳದೆ ಮುಂದೆ ಹೋಗಲಾರೆ, ಏಕೆಂದರೆ ಯಾವ ಸ್ಮರಣ ಸಂಚಿಕೆಯಲ್ಲೂ ಅದು ಬರುವುದಿಲ್ಲ. ರಸ ಕಾಯಿಸಿದ ಉಗಿ ತಣಿದು ಮತ್ತೆ ನೀರಾಗುತ್ತದೆ. ಆ ನೀರು ಶುದ್ಧ, ಬಿಸಿ. ಅದನ್ನೇ ಬಾಯ್ಲರಿಗೆ ವಾಪಸು ಕಳಿಸುತ್ತಾರೆ. ಎಲ್ಲಾದರೂ ಒಂದು ಟ್ಯೂಬು ಸೋರಿ ಆ ನೀರಿನೊಳಗೆ ರಸ ಸೇರಿತೋ, ಅನಾಹುತ. ಬಾಯ್ಲರಿನ ಬಿಸಿಗೆ ಸಕ್ಕರೆ ಒಡೆದು ಆಮ್ಲವಾಗುತ್ತದೆ, ನೀರು ನೊರೆಯುಕ್ಕುತ್ತದೆ, ನೊರೆ ಟರ್ಬೈನಿಗೆ ಹೋದರೆ ಕೋಟಿಗಟ್ಟಲೆ ಬೆಲೆಯ ಎಲೆಗಳು ಹಾಳು. ಅದಕ್ಕೇ ಹಂಗಾಮಿನ ಉದ್ದಕ್ಕೂ, ಹಗಲು ರಾತ್ರಿ, ಪ್ರಯೋಗಾಲಯದವರು ಆ ನೀರಿನ ಮಾದರಿ ತಂದು ಪರೀಕ್ಷಿಸುತ್ತಲೇ ಇರುತ್ತಾರೆ. ಗಾಜಿನ ನಳಿಕೆಯಲ್ಲಿ ಸ್ವಲ್ಪ ನೀರು, ಒಂದೆರಡು ಹನಿ ಆಲ್ಫಾ ನ್ಯಾಫ್ತಾಲ್, ಆಮೇಲೆ ಬದಿಯಿಂದ ಜಾರಿಸಿದ ಗಂಧಕಾಮ್ಲ. ಎರಡು ದ್ರವ ಸೇರುವ ಗೆರೆಯಲ್ಲಿ ನೇರಳೆ ಉಂಗುರ ಮೂಡಿದರೆ ಸಕ್ಕರೆ ಇದೆ ಎಂದರ್ಥ. ಆ ಕ್ಷಣವೇ ಆ ನೀರನ್ನು ಬೇರೆ ಕಡೆ ತಿರುಗಿಸಬೇಕು. ರಾತ್ರಿ ಪಾಳಿಯಲ್ಲಿ ನಿದ್ದೆಗಣ್ಣಿನಲ್ಲಿ ಆ ಗೆರೆಯನ್ನು ನೋಡುವ ಹುಡುಗನ ಮೇಲೆ ಇಡೀ ಸ್ಥಾವರ ನಿಂತಿರುತ್ತದೆ. ಇಂಥವರ ಕೆಲಸಕ್ಕೆ ಗೌರವ ಸಲ್ಲಬೇಕು.

ಸಿಪ್ಪೆಯ ಅಂಗಳದಲ್ಲಿ ದುಡಿಯುವವರ ಕಷ್ಟ ಇನ್ನೊಂದು ಬಗೆಯದು. ಹಳೆಯ ಸಿಪ್ಪೆಯ ರಾಶಿಯಲ್ಲಿ ಬೂಷ್ಟು ಬೆಳೆಯುತ್ತದೆ. ಅದರ ದೂಳು ವರ್ಷಗಟ್ಟಲೆ ಒಳಗೆ ಹೋದರೆ ಶ್ವಾಸಕೋಶ ಕಟ್ಟುತ್ತದೆ. ಬಗಾಸೋಸಿಸ್ ಎಂದು ವೈದ್ಯಶಾಸ್ತ್ರ ಅದಕ್ಕೆ ಹೆಸರನ್ನೇ ಇಟ್ಟಿದೆ. ಮುಖಗವಸು, ನೀರು ಸಿಂಪಡಣೆ, ಪಾಳಿಯ ಬದಲಾವಣೆ ಇವೆಲ್ಲ ಕಾಗದದ ಮೇಲಿನ ನಿಯಮವಾಗದೆ ಅಂಗಳದ ರೂಢಿಯಾಗಬೇಕು. ಚಿಮಣಿಯ ಬೂದಿ ಸುತ್ತಲಿನ ಮನೆಗಳ ಬಟ್ಟೆಯ ಮೇಲೆ ಬೀಳದಂತೆ ಹಿಡಿಯುವ ಯಂತ್ರಕ್ಕೂ ಇದೇ ಮಾತು. ಸಕ್ಕರೆ ಕಾರ್ಖಾನೆ ಇರುವ ಯಾವ ಊರನ್ನು ಕೇಳಿದರೂ ಬೂದಿಯ ಕಥೆ ಹೇಳುತ್ತದೆ.

ಸಿಪ್ಪೆಯ ದೂಳು, ಬೂದಿಯ ಮಾತು ಬಂದಾಗ ಅವಿಲ್ಲದ ಉರುವಲಾದ ನೈಸರ್ಗಿಕ ಅನಿಲದ ಪ್ರಸ್ತಾಪವೂ ಬರಬೇಕು. ಜಗತ್ತಿನ ಬೇರೆ ಕಡೆ ಹಾಲು, ಪಿಷ್ಟ, ಆಹಾರ ಸಂಸ್ಕರಣೆಯ ಕಾರ್ಖಾನೆಗಳು ಇದೇ ಜೋಡಿ ಕೆಲಸವನ್ನು ಅನಿಲದಿಂದ ಮಾಡಿಸಿಕೊಳ್ಳುತ್ತವೆ: ಅನಿಲದ ಎಂಜಿನ್ನು ಅಥವಾ ಟರ್ಬೈನ್ ವಿದ್ಯುತ್ ಕೊಡುತ್ತದೆ, ಅದರ ಬಿಸಿ ಹೊಗೆ ಉಗಿ ಕೊಡುತ್ತದೆ. ನಮ್ಮ ಪಕ್ಕಕ್ಕೂ ಅನಿಲ ಬಂದಿದೆ. ದಾಭೋಳದಿಂದ ಬೆಂಗಳೂರಿಗೆ ಗೇಲ್ ಸಂಸ್ಥೆ ಹಾಕಿದ ಸುಮಾರು 1,000 ಕಿಲೋಮೀಟರಿನ ಕೊಳವೆ ಮಾರ್ಗ ಬೆಳಗಾವಿ, ಧಾರವಾಡ ಜಿಲ್ಲೆಗಳನ್ನು ದಾಟಿ ಹೋಗುತ್ತದೆ. ಅದು 2013ರಲ್ಲಿ ಚಾಲೂ ಆಯಿತು. ಅನಿಲ ಸ್ವಚ್ಛ, ಗುಂಡಿ ಒತ್ತಿದರೆ ಉರಿಯುತ್ತದೆ, ವರ್ಷವಿಡೀ ಸಿಗುತ್ತದೆ. ಆದರೆ ಅದರ ಬೆಲೆ ಕತಾರಿನ ಹಡಗಿನೊಂದಿಗೋ ಅಂತಾರಾಷ್ಟ್ರೀಯ ಮಾರುಕಟ್ಟೆಯೊಂದಿಗೋ ಏರಿಳಿಯುತ್ತದೆ. ಶಾಖದ ಲೆಕ್ಕ ಹಾಕಿದರೆ ಸುಮಾರು ನಾಲ್ಕು ಕಿಲೋ ಹಸಿ ಸಿಪ್ಪೆ ಒಂದು ಘನ ಮೀಟರ್ ಅನಿಲಕ್ಕೆ ಸಮ. ಒಂದು ಟನ್ ಕಬ್ಬಿನ ಸಿಪ್ಪೆಯಲ್ಲಿ ಅಡುಗೆಮನೆಯ ಮೂರು ನಾಲ್ಕು ಸಿಲಿಂಡರಿನಷ್ಟು ಶಾಖ ಅಡಗಿರುತ್ತದೆ. ರೈತ ಗಾಡಿಯಲ್ಲಿ ಹೇರಿ ತರುವುದು ಸಕ್ಕರೆಯ ಜೊತೆಗೆ ಆ ಸಿಲಿಂಡರುಗಳನ್ನೂ ಎಂಬುದು ಕಾಟಾದ ಚೀಟಿಯಲ್ಲಿ ಕಾಣುವುದಿಲ್ಲ.

ಅನಿಲವೂ ಕಬ್ಬಿನಿಂದಲೇ ಬರುವ ಕಾಲ ಈಗ ಶುರುವಾಗಿದೆ. ರಸ ಸೋಸಿದಾಗ ಉಳಿಯುವ ಮಡ್ಡಿಯನ್ನು, ಡಿಸ್ಟಿಲರಿಯ ಕೊಳೆನೀರನ್ನು ಕೊಳೆಸಿ ಮೀಥೇನ್ ತೆಗೆದು, ಶುದ್ಧಮಾಡಿ, ಒತ್ತಿ, ವಾಹನಕ್ಕೂ ಉದ್ದಿಮೆಗೂ ಮಾರುವ ಯೋಜನೆಗೆ ಕೇಂದ್ರ ಸರ್ಕಾರ 2018ರಲ್ಲಿ ಚಾಲನೆ ಕೊಟ್ಟಿತು. ಮಡ್ಡಿ ಕಬ್ಬಿನ ತೂಕದ ನೂರಕ್ಕೆ ಮೂರು ನಾಲ್ಕು ಪಾಲು. ಇಲ್ಲಿ ಒಂದು ಎಚ್ಚರ ಬೇಕು: ಮಡ್ಡಿಯನ್ನು ನಮ್ಮ ರೈತರು ಹೊಲಕ್ಕೆ ಗೊಬ್ಬರವಾಗಿ ಹಾಕುತ್ತ ಬಂದಿದ್ದಾರೆ. ಅನಿಲ ತೆಗೆದ ಮೇಲೆ ಉಳಿಯುವ ಗೊಬ್ಬರ ಹೊಲಕ್ಕೆ ವಾಪಸು ಬರಬೇಕು, ಅದೂ ರೈತನಿಗೆ ಎಟಕುವ ಬೆಲೆಗೆ.

ಈ ಸಣ್ಣ ಸ್ಥಾವರದ ದೊಡ್ಡ ಗುಣ ಅದು ಕೆಲಸ ಮಾಡುವ ತಿಂಗಳುಗಳಲ್ಲಿದೆ. ಕಾಳಿಯ ಜಲಾಶಯಗಳು ಜೂನಿನಿಂದ ತುಂಬಿಕೊಂಡು ಮಳೆ ನಿಂತ ಮೇಲೆ ಇಳಿಯತೊಡಗುತ್ತವೆ. ಆಗ ಒಂದೊಂದು ಟಿಎಂಸಿಯನ್ನೂ ಅಳೆದು ಬಿಡಬೇಕು. ಸಕ್ಕರೆಯ ಹಂಗಾಮು ಸರಿಯಾಗಿ ಅದೇ ಹೊತ್ತಿಗೆ, ಅಕ್ಟೋಬರ್ ನವೆಂಬರಿನಲ್ಲಿ ತೆರೆದು ಮಾರ್ಚಿನವರೆಗೆ ನಡೆಯುತ್ತದೆ. ಬಾಯ್ಲರ್ ಪ್ರದೀಪನದ ಪೂಜೆಯಾದ ಮೇಲೆ ಹುಲ್ಲಟ್ಟಿಯ ಒಲೆ ಉರಿಯುವಷ್ಟು ದಿನ ಸೂಪಾದಲ್ಲಿ ಅಷ್ಟು ನೀರು ಉಳಿಯಿತು ಎನ್ನಬಹುದು. ಬರ ಬಿದ್ದ 2023ರಲ್ಲಿ ರಾಜ್ಯ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಕಲಮನ್ನು ಹಿಡಿದು, ರಾಜ್ಯದೊಳಗಿನ ಉತ್ಪಾದಕರು ತಮ್ಮ ವಿದ್ಯುತ್ತನ್ನು ರಾಜ್ಯಕ್ಕೇ ಕೊಡಬೇಕೆಂದು ಆದೇಶಿಸಿತು. ನೀರು ಕೈಕೊಟ್ಟ ವರ್ಷ ಸರ್ಕಾರ ಕಣ್ಣುಹಾಯಿಸಿದ ಕಡೆಗಳಲ್ಲಿ ಸಕ್ಕರೆ ಕಾರ್ಖಾನೆಗಳೂ ಇದ್ದವು. ಹಂಗಾಮು ಮುಗಿದ ಮೇಲಿನ ತಿಂಗಳುಗಳ ಬಗ್ಗೆ ನನಗೆ ಇಷ್ಟು ಅಭಿಮಾನವಿಲ್ಲ. ರಾಜ್ಯದ ಹಲವು ಕಡೆ ಸಹವಿದ್ಯುತ್ ಸ್ಥಾವರಗಳು ಆಗ ಕಲ್ಲಿದ್ದಲು ತಂದು ಉರಿಸಿದ್ದುಂಟು. ಬೇಯಿಸಲು ರಸವಿಲ್ಲದಾಗ ಉಗಿಯ ಶಾಖ ವ್ಯರ್ಥ. ಆಗ ಅದೂ ಮಾಮೂಲಿ ಚಿಕ್ಕ ಕಲ್ಲಿದ್ದಲು ಸ್ಥಾವರವೇ ಆಗುತ್ತದೆ.

ಇನ್ನು ದುಡ್ಡಿನ ಲೆಕ್ಕ. 2003ರ ವಿದ್ಯುತ್ ಕಾಯ್ದೆ ಸಹವಿದ್ಯುತ್ತಿಗೆ ಉತ್ತೇಜನ ಕೊಡುವ ಹೊಣೆಯನ್ನು ರಾಜ್ಯ ಆಯೋಗಗಳ ಮೇಲೆ ಹಾಕಿತು. ದರ ಗೊತ್ತುಮಾಡುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಕಾರ್ಖಾನೆಗೆ ಸಕ್ಕರೆಯ ಬೆಲೆ ಬಿದ್ದ ವರ್ಷ ಕರೆಂಟಿನ ಹಣ ಆಸರೆಯಾಯಿತು. ಸೌರ ವಿದ್ಯುತ್ತು ಅಗ್ಗವಾದ ಮೇಲೆ ಆ ಆಸರೆಯೂ ಸಡಿಲವಾಗಿದೆ ಎಂಬ ಕಾರ್ಖಾನೆಗಳ ದೂರು ಸುಳ್ಳಲ್ಲ. ಸೌರ ಫಲಕ ರಾತ್ರಿ ಮಲಗುತ್ತದೆ, ಸಿಪ್ಪೆಯ ಬಾಯ್ಲರ್ ಮಲಗುವುದಿಲ್ಲ. ಆ ಗುಣಕ್ಕೆ ದರದಲ್ಲಿ ಬೆಲೆ ಸಿಗಬೇಕು ಎಂಬುದನ್ನು ನಾನೂ ಒಪ್ಪುತ್ತೇನೆ.

ಆದರೆ ರೈತನ ಪಾಲು? ಕೇಂದ್ರ ಸರ್ಕಾರ 2009ರಲ್ಲಿ ನ್ಯಾಯಸಮ್ಮತ ಮತ್ತು ಲಾಭದಾಯಕ ದರ, ಅಂದರೆ ಎಲ್ಲರೂ ಎಫ್‌ಆರ್‌ಪಿ ಎನ್ನುವ ದರವನ್ನು ತಂದಿತು. 2009–10ರಲ್ಲಿ ಅದು ಕ್ವಿಂಟಲಿಗೆ 129.84 ರೂಪಾಯಿ ಇತ್ತು; 2024–25ರಲ್ಲಿ ನೂರಕ್ಕೆ 10.25ರ ಇಳುವರಿಗೆ 340 ರೂಪಾಯಿ. ಇಳುವರಿ ಎಂದರೆ ಸಕ್ಕರೆಯ ಇಳುವರಿ. ಕಬ್ಬಿನಲ್ಲಿ ನಾರೆಷ್ಟು ಎಂಬುದಕ್ಕೆ ರೈತನ ಬಿಲ್ಲಿನಲ್ಲಿ ಕಾಲಮ್ಮೇ ಇಲ್ಲ. ದರ ನಿಗದಿಮಾಡುವಾಗ ಸಿಪ್ಪೆ, ಕಾಕಂಬಿ, ಮಡ್ಡಿಯ ಬೆಲೆಯನ್ನು ಗಮನಿಸಬೇಕೆಂದು ನಿಯಮ ಹೇಳುತ್ತದೆ, ನಿಜ. 2012ರಲ್ಲಿ ರಂಗರಾಜನ್ ಸಮಿತಿ ಸಕ್ಕರೆ ಮತ್ತು ಉಪಉತ್ಪನ್ನಗಳ ಆದಾಯದಲ್ಲಿ ನೂರಕ್ಕೆ 70, ಸಕ್ಕರೆಯೊಂದನ್ನೇ ಹಿಡಿದರೆ 75 ಪಾಲು ಬೆಳೆಗಾರರಿಗೆ ಸಲ್ಲಬೇಕೆಂದಿತು. ಮುಂದಿನ ವರ್ಷ ಕರ್ನಾಟಕ ಕಬ್ಬು ಖರೀದಿ ಮತ್ತು ಸರಬರಾಜು ನಿಯಂತ್ರಣಕ್ಕೆ ಕಾಯ್ದೆಯನ್ನೇ ಮಾಡಿ ಮಂಡಳಿಯನ್ನು ನೇಮಿಸಿತು. ಈ ಎಲ್ಲದರಲ್ಲೂ ಎಣಿಕೆಗೆ ಬರುವುದು ಸಿಪ್ಪೆಯ ಬೆಲೆ. ಸಿಪ್ಪೆಯಿಂದ ಹುಟ್ಟಿದ ವಿದ್ಯುತ್ತಿನ ಬೆಲೆಯಲ್ಲ. ಕಾರ್ಖಾನೆಯವರು ಹೇಳುವುದು: ಬಾಯ್ಲರು, ಟರ್ಬೈನು ನಮ್ಮ ಹಣ, ನಮ್ಮ ಸಾಲ. ರೈತರು ಹೇಳುವುದು: ಉರಿಯುವುದು ನಮ್ಮ ಬೆಳೆ. ಎರಡೂ ಮಾತಿನಲ್ಲಿ ನಿಜವಿದೆ. ಹಾಗಿದ್ದ ಮೇಲೆ ಆದಾಯದಲ್ಲೂ ಎರಡೂ ಕಡೆಗೆ ಪಾಲಿರಬೇಕು ಎಂಬುದೇ ನನ್ನ ಪಕ್ಷ. ಹಳಿಯಾಳದ ಕಬ್ಬು ಬೆಳೆಗಾರರು ದರಕ್ಕಾಗಿ, ಕಟಾವು ಸಾಗಾಣಿಕೆಯ ಕಡಿತದ ವಿರುದ್ಧ ಬೀದಿಗಿಳಿದ ವರ್ಷಗಳಲ್ಲಿ ಈ ಪ್ರಶ್ನೆ ಅವರ ಬೇಡಿಕೆಗಳ ಹಿಂದೆ ಇದ್ದೇ ಇತ್ತು.

ಕಟಾವಿನ ಮಾತು ಬಂದಾಗ ಗ್ಯಾಂಗಿನವರನ್ನು ಮರೆಯಬಾರದು. ದೀಪಾವಳಿಯ ಹೊತ್ತಿಗೆ ಮಹಾರಾಷ್ಟ್ರದ ಕಡೆಯಿಂದ, ನಮ್ಮದೇ ಉತ್ತರದ ಬಯಲು ಜಿಲ್ಲೆಗಳಿಂದ ಅವರು ಬರುತ್ತಾರೆ. ಮುಕಾದಮ ಮುಂಗಡ ಕೊಟ್ಟು ಕರೆತಂದಿರುತ್ತಾನೆ. ಗಂಡ ಹೆಂಡತಿ ಸೇರಿ ಒಂದು ಕೊಯ್ತಾ ಎಂದು ಲೆಕ್ಕ. ಹೊಲದ ಬದುವಿನಲ್ಲಿ ತಾಡಪತ್ರಿಯ ಗುಡಿಸಲು, ಜೊತೆಗೆ ಶಾಲೆ ತಪ್ಪಿಸಿಕೊಂಡ ಮಕ್ಕಳು. ಬೆಳಗಿನ ಮಂಜಿನಲ್ಲೇ ಅವರು ಕಬ್ಬನ್ನು ನೆಲಮಟ್ಟಕ್ಕೆ ಕಡಿದು, ಸೋಗೆ ಸವರಿ, ಕಟ್ಟು ಕಟ್ಟಿ, ಹಲಗೆಯ ಮೇಲೆ ತಲೆಹೊರೆಯಲ್ಲಿ ಟ್ರಾಲಿಗೆ ಏರಿಸುತ್ತಾರೆ. ಸವರಿದ ರವದಿಯನ್ನು ಹೊಲದಲ್ಲೇ ಮುಚ್ಚಿಗೆಯಾಗಿ ಬಿಟ್ಟರೆ ಕೂಳೆಗೆ ಒಳ್ಳೆಯದು. ಅವಸರಕ್ಕೆ ಬೆಂಕಿ ಇಟ್ಟರೆ ಮಣ್ಣೂ ಹಾಳು, ಗಾಳಿಯೂ ಹಾಳು. ಅದೇ ಬೆಂಕಿ ಬಾಯ್ಲರಿನೊಳಗಾದರೆ ಬೆಳಕು ಕೊಡುತ್ತಿತ್ತು ಎಂದು ಲೆಕ್ಕ ಹಾಕುವ ಎಂಜಿನಿಯರುಗಳಿದ್ದಾರೆ. ನಾನಂತೂ ರವದಿ ಮಣ್ಣಿಗೇ ಸೇರಲಿ ಎನ್ನುವವನು.

ನಮ್ಮ ಸೀಮೆಯ ಕಬ್ಬಿಗೆ ಇನ್ನೊಬ್ಬ ಪಾಲುದಾರನಿದ್ದಾನೆ, ಆನೆ. ಭತ್ತ ಹಾಲುಗಟ್ಟುವ ಹೊತ್ತಿಗೆ ದಾಂಡೇಲಿಯ ಕಾಡಿನಿಂದ ಹಿಂಡುಗಳು ಹಳಿಯಾಳ, ಮುಂಡಗೋಡದ ಹೊಲಗಳಿಗೆ ಇಳಿಯುತ್ತವೆ. ಕಬ್ಬಿನ ಹೊಲದೊಳಗೆ ಒಮ್ಮೆ ಹೊಕ್ಕರೆ ತಿಂದದ್ದಕ್ಕಿಂತ ತುಳಿದದ್ದೇ ಹೆಚ್ಚು. ಅಟ್ಟಣೆಯ ಮೇಲೆ ಡಬ್ಬ ಬಾರಿಸಿ ರಾತ್ರಿ ಕಳೆಯುವ ರೈತನ ಆ ನಿದ್ದೆಗೆಟ್ಟ ದುಡಿಮೆಯೂ ಸಿಪ್ಪೆಯಾಗಿ ಹುಲ್ಲಟ್ಟಿಗೆ ಬರುತ್ತದೆ. ಕಬ್ಬಿನ ವಿಸ್ತೀರ್ಣ ಹೆಚ್ಚಿಸಬೇಕೆಂದು ಯೋಚಿಸುವವರು ಕಾಡಿನ ಅಂಚಿನ ಊರುಗಳ ಜೊತೆ ಮೊದಲು ಕೂತು ಮಾತಾಡಬೇಕು. ನೀರಿನ ವಿಷಯದಲ್ಲೂ ಅಷ್ಟೇ. ಕಾಳಿಯ ನೀರನ್ನು ಎತ್ತಿ ಹಳಿಯಾಳದ ಕೆರೆಗಳನ್ನು ತುಂಬಿಸುವ ಯೋಜನೆ ಜನ ಬಹಳ ಕಾಲ ಕಾದ ಯೋಜನೆ. ಆ ನೀರನ್ನು ಕಬ್ಬೊಂದೇ ಕುಡಿದುಬಿಟ್ಟರೆ ಭತ್ತದ ರೈತನಿಗೆ ಅನ್ಯಾಯ. ಹನಿ ನೀರಾವರಿ ಇಲ್ಲಿ ಸಬ್ಸಿಡಿಯ ಮಾತಾಗಿ ಉಳಿಯದೆ ಕಬ್ಬಿನ ಕರಾರಿನ ಭಾಗವಾಗಬೇಕು.

ಸಂಚಿಕೆಯ ಸಂಪಾದಕರಲ್ಲಿ ನನ್ನದೊಂದು ವಿನಂತಿ. ಗಣ್ಯರ ಭಾವಚಿತ್ರ, ಶುಭ ಸಂದೇಶಗಳ ಜೊತೆಗೆ ಒಂದು ಕೋಷ್ಟಕಕ್ಕೂ ಜಾಗ ಇರಲಿ: ಪ್ರತಿ ಹಂಗಾಮಿನಲ್ಲಿ ಅರೆದ ಕಬ್ಬು, ಬಂದ ಸಿಪ್ಪೆ, ಕಾರ್ಖಾನೆ ಬಳಸಿದ ಯೂನಿಟ್, ಗ್ರಿಡ್ಡಿಗೆ ಹೋದ ಯೂನಿಟ್, ಅದರಿಂದ ಬಂದ ಹಣ, ಬೆಳೆಗಾರರಿಗೆ ಪಾವತಿಯಾದ ಮೊತ್ತ ಮತ್ತು ಪಾವತಿಯಾದ ದಿನಾಂಕ. ಕಬ್ಬು ಒಪ್ಪಿಸಿದ 14 ದಿನದೊಳಗೆ ಹಣ ಸಲ್ಲಬೇಕು, ತಡವಾದರೆ ವರ್ಷಕ್ಕೆ ನೂರಕ್ಕೆ 15ರ ಬಡ್ಡಿ ಸೇರಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುವುದರಿಂದ ದಿನಾಂಕದ ಕಾಲಮ್ಮನ್ನು ಬಿಡಬಾರದು. ಈ ಅಂಕಿಗಳು ಕಾರ್ಖಾನೆಯ, ಹೆಸ್ಕಾಂನ, ಸಕ್ಕರೆ ನಿರ್ದೇಶನಾಲಯದ ದಾಖಲೆಗಳಲ್ಲಿ ಇರಲೇಬೇಕಾದವು; ಕಲೆಹಾಕಿ ಕನ್ನಡದಲ್ಲಿ, ಊರಿನವರು ಓದುವ ಅಕ್ಷರದಲ್ಲಿ ಅಚ್ಚು ಹಾಕುವುದಷ್ಟೇ ಕೆಲಸ. ಬಾಯ್ಲರ್ ಅಟೆಂಡೆಂಟರು, ಪ್ರಯೋಗಾಲಯದವರು, ಸಿಪ್ಪೆ ಅಂಗಳದ ಗುತ್ತಿಗೆ ಕಾರ್ಮಿಕರು ಇವರ ಹೆಸರುಗಳನ್ನೂ ಅವರವರ ಒಪ್ಪಿಗೆ ಪಡೆದು ಪಾಳಿವಾರು ಸೇರಿಸಿದರೆ ಮುಂದೆ ಈ ಸ್ಥಾವರದ ಚರಿತ್ರೆ ಬರೆಯುವವರಿಗೆ ಆ ಪುಟಗಳೇ ಮೊದಲ ದಾಖಲೆಯಾಗುತ್ತವೆ.